ಹನ್ನೆರಡನೇ ಮಹಡಿಯ ಕೆಂಪು ಚುಕ್ಕೆ

ಕೇಶವಮೂರ್ತಿಗಳ ಬಾಲ್ಕನಿಯಲ್ಲಿ ಒಂದು ನೀಲಿ ಡ್ರಮ್ ಇತ್ತು. ಅದಕ್ಕೆ ಸಿಗುತ್ತಿದ್ದ ಮರ್ಯಾದೆ ಈ ಮನೆಯಲ್ಲಿ ಬೀಗರಿಗೂ ಸಿಕ್ಕಿಲ್ಲ ಎಂದು ಅವರ ಹೆಂಡತಿ ವಾಸಂತಿ ಹೇಳುತ್ತಿದ್ದರು. ಅದು ಸುಳ್ಳೇನಲ್ಲ. ಎರಡು ಎಸಿಗಳಿಂದ ತೊಟ್ಟಿಕ್ಕುವ ನೀರು ಪೈಪಿನಲ್ಲಿ ಬಂದು ಆ ಡ್ರಮ್ಮಿಗೆ ಬೀಳುತ್ತಿತ್ತು. ಆ ನೀರಿನಲ್ಲೇ ಅವರು ದೆಹಲಿ ಪಕ್ಕದ ಇಂದಿರಾಪುರಂನ ಹನ್ನೆರಡನೇ ಮಹಡಿಯ ಮೇಲೆ ಕರಿಬೇವು, ದೊಡ್ಡಪತ್ರೆ, ಕನಕಾಂಬರ ಬೆಳೆಸಿದ್ದರು. ಬೆಳಿಗ್ಗೆ ಎದ್ದವರೇ ಡ್ರಮ್ಮಿಗೆ ಇಣುಕುವುದು ಅವರ ಮೊದಲ ಪೂಜೆ.

"ನೋಡೇ, ಎಷ್ಟು ತಿಳಿ! ಇಡೀ ಸೊಸೈಟೀಲಿ ಇಷ್ಟು ಶುದ್ಧ ನೀರು ಇನ್ನೊಂದು ಮನೇಲಿಲ್ಲ."

"ಅದರಲ್ಲಿ ಏನೋ ಹುಳ ಓಡಾಡ್ತಿದೆಯಲ್ರೀ. ಒಂದು ಮುಚ್ಚಳ ಹಾಕಿ ಅಂತ ಜೂನ್ ತಿಂಗಳಿಂದ ಬಡ್ಕೊತಿದೀನಿ."

"ಹುಳ ಇದ್ರೆ ನೀರು ಜೀವಂತ ಅಂತ ಅರ್ಥ. ಸೊಳ್ಳೆ ಏನಿದ್ರೂ ಕೊಳಚೆ ನೀರಲ್ಲಿ ಹುಟ್ಟೋದು. ಅಷ್ಟೂ ಗೊತ್ತಿಲ್ವಾ ನಿನಗೆ?"

ಮೂರ್ತಿಗಳು ನೋಯ್ಡಾದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಮ್ಯಾನೇಜರು. ಇಪ್ಪತ್ತೆರಡು ವರ್ಷದಿಂದ ಊರಿನವರ ತಪ್ಪು ಹುಡುಕುವುದೇ ಕಸುಬಾಗಿದ್ದ ಮನುಷ್ಯನಿಗೆ ತನ್ನ ಮನೆಯಲ್ಲೂ ತಪ್ಪು ಇರಬಹುದು ಎಂದು ಹೊಳೆಯುವುದಾದರೂ ಹೇಗೆ? ಜೊತೆಗೆ ಅವರು ಅಪಾರ್ಟ್‌ಮೆಂಟ್ ಸೊಸೈಟಿಯ ಕಾರ್ಯದರ್ಶಿ ಬೇರೆ. ತಿಂಗಳ ಕೊನೆಯ ಭಾನುವಾರದ ಸಭೆಯಲ್ಲಿ ಅಧ್ಯಕ್ಷರ ಚುನಾವಣೆ. ಬಂದ ಹೊಸದರಲ್ಲಿ ತಮ್ಮನ್ನು 'ಮದ್ರಾಸಿ' ಎನ್ನುತ್ತಿದ್ದ ಜನರ ಬಾಯಲ್ಲಿ 'ಪ್ರೆಸಿಡೆಂಟ್ ಸಾಹೇಬ್' ಎನ್ನಿಸಿಕೊಳ್ಳಬೇಕೆಂಬ ಆಸೆ ಅವರಿಗೆ ಹಲ್ಲುನೋವಿನ ಹಾಗೆ ಸದಾ ಇದ್ದೇ ಇತ್ತು. ಎದುರಾಳಿ ಒಂಬತ್ತನೇ ಮಹಡಿಯ ಸಭರ್‌ವಾಲ್.

ಅಷ್ಟರಲ್ಲಿ ಮಲೇರಿಯಾ ಬಂತು. ಮೊದಲು ಗೇಟಿನ ಗಾರ್ಡ್ ರಾಮಾಶ್ರಯನಿಗೆ, ವಾರದೊಳಗೆ ಟವರಿನ ಇಬ್ಬರು ಮಕ್ಕಳಿಗೆ. ವಾಟ್ಸಾಪ್ ಗುಂಪು ಹೊತ್ತಿ ಉರಿಯಿತು. ಬೇಸ್‌ಮೆಂಟಿನ ಕೋಣೆಯಲ್ಲಿ ಹೆಂಡತಿಯೊಡನೆ ವಾಸವಾಗಿದ್ದ ರಾಮಾಶ್ರಯನೇ ರೋಗ ತಂದವನು, ಅವನ ಕೋಣೆ ಖಾಲಿ ಮಾಡಿಸಿ ಎಂದು ಸಭರ್‌ವಾಲ್ ಬರೆದರು. ಮೂರ್ತಿಗಳು ಹಿಂದೆ ಬಿದ್ದರೆ ಹೇಗೆ? ಭಾನುವಾರದ ಸಂಜೆಯೊಳಗೆ ಕೋಣೆ ಬಿಡತಕ್ಕದ್ದು ಎಂದು ತಾವೇ ನೋಟಿಸ್ ಬರೆದು, ಸೀಲು ಹಾಕಿ, ಗೇಟಿನ ಫಲಕಕ್ಕೆ ಅಂಟಿಸಿಬಿಟ್ಟರು. ಸಭೆಯ ಒಪ್ಪಿಗೆಯೊಂದು ಬಾಕಿ.

ನೋಟಿಸಿಗೆ ಬಲ ಬರಲೆಂದು ಇನ್ನೊಂದು ಉಪಾಯವನ್ನೂ ಮಾಡಿದರು. ದೆಹಲಿಯ ಸಂಶೋಧನಾ ಸಂಸ್ಥೆಯೊಂದರಲ್ಲಿ ಧಾರಿಣಿ ಎಂಬ ಹಾಸನದ ಹುಡುಗಿ ಮಲೇರಿಯಾ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಕನ್ನಡ ಸಂಘದ ಊಟದಲ್ಲಿ ಪರಿಚಯವಾದವಳು. ಅವಳಿಗೆ ಫೋನ್ ಮಾಡಿ, "ಬಂದು ಆ ಗಾರ್ಡ್ ರೂಮನ್ನ ಒಂದ್ಸಲ ವೈಜ್ಞಾನಿಕವಾಗಿ ನೋಡಿಬಿಡಮ್ಮ" ಎಂದರು.

ಶುಕ್ರವಾರ ಧಾರಿಣಿ ಬಂದಳು. ಜೊತೆಗೆ ಇಥಿಯೋಪಿಯಾದ ಡಾಕ್ಟರ್ ಅಲ್ಮಾಜ್ ಎಂಬ ಎತ್ತರದ ನಗುಮುಖದ ಹೆಂಗಸು. ವಿದೇಶದವರು ಬರುತ್ತಾರೆಂದು ತಿಳಿದದ್ದೇ ಮೂರ್ತಿಗಳು ಚೆಂಡುಹೂವಿನ ಹಾರ ತರಿಸಿದ್ದರು. ಹಾರ ಹಾಕಿಸಿಕೊಂಡ ಅಲ್ಮಾಜ್ ಚೀಲದಿಂದ ತೆಗೆದದ್ದು ಒಂದು ಸೌಟು.

"ಇಷ್ಟೇನಾ ನಿಮ್ಮ ಅಂತಾರಾಷ್ಟ್ರೀಯ ತಂತ್ರಜ್ಞಾನ?" ಎಂದರು ಮೂರ್ತಿಗಳು, ಧಾರಿಣಿಯ ಕಿವಿಯಲ್ಲಿ.

"ಸೌಟು ಹಳೇದು ಅಂಕಲ್. ಹೊಸದು ಇದು." ಧಾರಿಣಿ ಫೋನಿಗೆ ಸಿಕ್ಕಿಸಿದ್ದ, ಉಗುರಿನಷ್ಟು ದೊಡ್ಡ ಮಸೂರವನ್ನು ತೋರಿಸಿದಳು. "ಇದರಲ್ಲಿ ಫೋಟೊ ತೆಗೆದ್ರೆ ಮಲೇರಿಯಾ ಸೊಳ್ಳೆಯ ಮರಿಯೋ ಬೇರೆಯದೋ ಅಂತ ಫೋನೇ ಹೇಳತ್ತೆ. ಗುರುತು ಹಿಡಿಯೋಕೆ ಅದಕ್ಕೆ ಕಲಿಸಿರೋದು ನಮ್ಮ ದೆಹಲಿಯ ಫೋಟೊಗಳು, ಅವರೂರಿನ ಫೋಟೊಗಳು, ಎಲ್ಲ ಸೇರಿಸಿ. ಮಲೇರಿಯಾ ಸೊಳ್ಳೆಯ ಮರಿ ಸಿಕ್ಕಿದ ಜಾಗದಲ್ಲಿ ಮಾತ್ರ ನಕ್ಷೆ ಮೇಲೆ ಕೆಂಪು ಚುಕ್ಕೆ ಬೀಳತ್ತೆ. ನಕ್ಷೆ ಯಾರು ಬೇಕಾದ್ರೂ ನೋಡಬಹುದು, ಇಲ್ಲಿ ಬಿದ್ದ ಚುಕ್ಕೆ ಅದೇ ಕ್ಷಣ ಅವರ ಅಡಿಸ್ ಅಬಾಬಾದಲ್ಲೂ ಕಾಣತ್ತೆ."

"ಭೇಷ್! ಗಾರ್ಡ್ ರೂಮಿನ ಮೇಲೆ ಒಂದು ದೊಡ್ಡದಾಗಿ ಬೀಳಲಿ."

ಬೇಸ್‌ಮೆಂಟಿನ ಕೋಣೆಯಲ್ಲಿ ರಾಮಾಶ್ರಯ ಕಂಬಳಿ ಹೊದ್ದು ಮಲಗಿದ್ದ. ಅವನ ಹೆಂಡತಿ ಫೂಲ್‌ಮತಿ ಎರಡೇ ಬಕೆಟ್ ಇಟ್ಟುಕೊಂಡಿದ್ದಳು. ಎರಡಕ್ಕೂ ತಟ್ಟೆ ಮುಚ್ಚಿತ್ತು, ತಟ್ಟೆಯ ಮೇಲೆ ಇಟ್ಟಿಗೆ. ಧಾರಿಣಿ ಸೌಟು ಹಾಕಿ ಹಾಕಿ ನೋಡಿದಳು. ಏನೂ ಇಲ್ಲ. ಮೂರ್ತಿಗಳು ಬಿಡದೆ ಹಿಂದಿನ ಚರಂಡಿಗೆ ಕರೆದೊಯ್ದರು. ಅಲ್ಲಿ ಮರಿಗಳು ಬೇಕಾದಷ್ಟಿದ್ದವು. ಮೂರ್ತಿಗಳು ಗೆದ್ದ ಮುಖ ಮಾಡಿದರು.

"ಇವು ತಲೆಕೆಳಗಾಗಿ ನೇತಾಡ್ತಿವೆ ನೋಡಿ ಅಂಕಲ್. ಇವು ಬೆಳೆದ ಮೇಲೆ ಕಚ್ತಾವೆ, ಸರಿ. ಆದ್ರೆ ಮಲೇರಿಯಾ ತರೋದಿಲ್ಲ. ಆ ಜಾತಿಯ ಮರಿ ನೀರಿನ ಮೇಲೆ ಮಲಗಿದ ಹಾಗೆ ಮಟ್ಟಸವಾಗಿರತ್ತೆ."

ಫೋನ್ ಕೂಡ ಅದನ್ನೇ ಹೇಳಿತು. ಮೂರ್ತಿಗಳಿಗೆ ಆದ ನಿರಾಸೆ ಅಷ್ಟಿಷ್ಟಲ್ಲ. ಆದರೂ ಮನೆಗೆ ಬಂದವರನ್ನು ಕಾಫಿ ಕೊಡದೆ ಕಳಿಸುವುದುಂಟೆ? "ಚಲೋ, ಮೇಲೆ ಹೋಗೋಣ. ಫಿಲ್ಟರ್ ಕಾಫಿ" ಎಂದರು.

ಲೋಟದ ಕಾಫಿಯನ್ನು ಅಲ್ಮಾಜ್ ಕಣ್ಣು ಮುಚ್ಚಿ ಕುಡಿದರು. "ಕಾಫಿ ಹುಟ್ಟಿದ್ದು ನಮ್ಮ ಕಡೆ. ಅಲ್ಲಿಂದ ಹೊರಟು ನಿಮ್ಮವರೆಗೆ ಬಂತು. ಅದಕ್ಕೆ ಪ್ರತಿಯಾಗಿ ನಿಮ್ಮ ಕಡೆಯ ಪಟ್ಟಣದ ಸೊಳ್ಳೆ ಈಗ ನಮ್ಮಲ್ಲಿಗೆ ಬಂದಿದೆ, ವೀಸಾ ಇಲ್ಲದೆ" ಎಂದು ನಕ್ಕರು. "ಹಳ್ಳಿಯ ಕೆರೆ ಕುಂಟೆ ಅದಕ್ಕೆ ಬೇಡ, ಊರೊಳಗಿನ ಟ್ಯಾಂಕು ಬೇಕು. ಅದರ ಗುಣ ನಿಮ್ಮವರಿಗೆ ಚೆನ್ನಾಗಿ ಗೊತ್ತು. ಕಲಿಯೋಣ ಅಂತ ಬಂದೆ."

ವಿದೇಶಿ ಅತಿಥಿ ಕಲಿಯಲು ಬಂದಿರುವಾಗ ಮೂರ್ತಿಗಳು ಕಲಿಸದೆ ಇರುತ್ತಾರೆಯೇ! ಬನ್ನಿ ಎಂದು ಬಾಲ್ಕನಿಗೆ ಕರೆದೊಯ್ದು ಡ್ರಮ್ ತೋರಿಸಿದರು, ಜಲಸಂರಕ್ಷಣೆಯ ಬಗ್ಗೆ ಐದು ನಿಮಿಷ ಮಾತಾಡಿದರು. ಎಸಿ ನೀರು ಹಿಡಿದಿಡಿ ಎಂಬ ಅವರ ಸುತ್ತೋಲೆ ನೋಡಿ ಸೊಸೈಟಿಯಲ್ಲಿ ಇನ್ನೂ ಹಲವರು ಇಂಥದೇ ಡ್ರಮ್ ಇಟ್ಟಿದ್ದಾರಂತೆ. ಧಾರಿಣಿ ಸೌಟು ಅದ್ದಿದಳು. ಸೌಟಿನ ತಿಳಿನೀರಿನ ಮೇಲೆ ಏಳೆಂಟು ಮರಿಗಳು ಮಟ್ಟಸವಾಗಿ ಮಲಗಿದ್ದವು. ಫೋನ್ ಕುಂಯ್ ಎಂದಿತು, ನಕ್ಷೆಯ ಮೇಲೆ ಚುಕ್ಕೆ ಬಿತ್ತು.

"ಅದು... ಒಳ್ಳೆ ಹುಳ ಅಲ್ವೇನಮ್ಮ?"

"ಅಲ್ಲ ಅಂಕಲ್. ಇದಕ್ಕೆ ಕೊಳಚೆ ಆಗೋಲ್ಲ, ಇಂಥ ತಿಳಿನೀರೇ ಬೇಕು."

ವಾಸಂತಿ ಗಂಡನ ಮುಖ ನೋಡಿದರು. ಮೂರ್ತಿಗಳು ಧಾರಿಣಿಯನ್ನು ಕರಿಬೇವಿನ ಗಿಡದ ಹಿಂದಕ್ಕೆ ಕರೆದರು.

"ನೋಡಮ್ಮ, ನಾವು ನೀವು ಒಂದೇ ಕಡೆಯವರು. ಆ ಚುಕ್ಕೇನ ಸ್ವಲ್ಪ ಅಡ್ಜಸ್ಟ್ ಮಾಡು. ಜಾಸ್ತಿ ಬೇಡ, ಚರಂಡಿ ಕಡೆಗೆ ಒಂದು ಬೆರಳಷ್ಟು. ನನ್ನ ಬಾಲ್ಕನಿ ಆಫ್ರಿಕಾದಲ್ಲಿ ಕಾಣೋದು ಏನು ಚೆನ್ನಾಗಿರತ್ತೆ?"

ಧಾರಿಣಿಗೆ ನಗು ಬಂತು, ತಡೆದುಕೊಂಡಳು. "ಚುಕ್ಕೆ ಅಲ್ಲಾಡಿಸೋಕೆ ಬರೋದಿಲ್ಲ ಅಂಕಲ್. ಆದ್ರೆ ನಕ್ಷೆ ಮೇಲಿಂದ ನೋಡಿದ ಹಾಗಿರತ್ತೆ. ಹನ್ನೆರಡನೇ ಮಹಡಿಯೂ ಅದರ ನೇರ ಕೆಳಗಿರೋ ಬೇಸ್‌ಮೆಂಟೂ ಅದಕ್ಕೆ ಒಂದೇ ಜಾಗ. ಮಹಡಿ ಯಾವುದು ಅಂತ ಮನೆಯವರೇ ತುಂಬಬೇಕು, ನಿಮ್ಮ ಫೋನಿಗೆ ಮೆಸೇಜ್ ಬರತ್ತೆ. ನಿಮ್ಮ ಒಪ್ಪಿಗೆ ಇಲ್ಲದೆ ನಾವು ತುಂಬೋ ಹಾಗಿಲ್ಲ, ಯಾರಿಗೂ ಹೇಳೋ ಹಾಗೂ ಇಲ್ಲ. ಸೋಮವಾರ ಬಂದು ಉಳಿದ ಮನೆಗಳನ್ನೂ ನೋಡ್ತೀವಿ."

ಮೂರ್ತಿಗಳ ಬಾಲ್ಕನಿಯ ನೇರ ಕೆಳಗೆ, ಹದಿಮೂರು ಮಹಡಿ ಆಳದಲ್ಲಿ, ರಾಮಾಶ್ರಯನ ಕೋಣೆ. ಅಂದರೆ ಸುಳ್ಳು ಹೇಳುವ ಅಗತ್ಯವೂ ಇಲ್ಲ. ಸುಮ್ಮನಿದ್ದರೆ ಸಾಕು, ಚುಕ್ಕೆ ತಾನಾಗಿಯೇ ಗಾರ್ಡಿನ ತಲೆಯ ಮೇಲೆ ಕೂರುತ್ತದೆ. ಮೂರ್ತಿಗಳಿಗೆ ಹೋದ ಜೀವ ಬಂದಂತಾಯಿತು.

ಡ್ರಮ್ಮನ್ನು ಬೋರಲು ಹಾಕಿ ತಿಕ್ಕುವಾಗ ಅಲ್ಮಾಜ್ ಕೈಜೋಡಿಸಿದರು. ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು: "ನಮ್ಮೂರಲ್ಲಿ ಎಲ್ಲರೂ ಬೈದದ್ದು ಕಟ್ಟಡದ ಕೂಲಿಯವರನ್ನು. ಮೊದಲ ಚುಕ್ಕೆ ಬಿದ್ದದ್ದು ನಮ್ಮಮ್ಮನ ಮನೆಯ ಟ್ಯಾಂಕಿನ ಮೇಲೆ. ಅಮ್ಮ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟಳು."

"ಆಮೇಲೆ?"

"ಆಮೇಲೆ ಬೀದಿಯವರ ಟ್ಯಾಂಕನ್ನೆಲ್ಲ ತಾನೇ ಹತ್ತಿ ನೋಡತೊಡಗಿದಳು. ಈಗ ಬೀದಿಯವರು ಅವಳ ಜೊತೆ ಮಾತಾಡುವುದಿಲ್ಲ."

ಮೂರ್ತಿಗಳು ನಕ್ಕರು, ಆದರೆ ಮಹಡಿ ತುಂಬಲಿಲ್ಲ. ಮೆಸೇಜ್ ಬಂದು ಫೋನಿನಲ್ಲಿ ಬಿದ್ದಿತ್ತು.

ಶನಿವಾರ ಬೆಳಿಗ್ಗೆ ಪಂಪ್‌ಹೌಸಿನ ಬೀಗದಕೈ ಇಸಿದುಕೊಳ್ಳಲು ಅವರು ಬೇಸ್‌ಮೆಂಟಿಗೆ ಇಳಿಯಬೇಕಾಯಿತು. ಫೂಲ್‌ಮತಿ ಪಾತ್ರೆಗಳನ್ನು ಹಳೇ ಸೀರೆಯಲ್ಲಿ ಗಂಟು ಕಟ್ಟುತ್ತಿದ್ದಳು. ರಾಮಾಶ್ರಯ ಗೋಡೆ ಹಿಡಿದು ಎದ್ದು ನಿಂತ. ಸಲಾಮು ಹೊಡೆದ, ಬೀಗದಕೈ ಕೊಟ್ಟ.

"ಸಾಬ್, ಎಡಗಡೆ ಮೋಟಾರು ಸ್ವಲ್ಪ ಹಟಮಾರಿ. ಹೊಸ ಗಾರ್ಡಿಗೆ ಹೇಳಿಬಿಡಿ, ಒಂದು ಏಟು ಹಾಕಿದ್ರೆ ಶುರುವಾಗತ್ತೆ." ಆಮೇಲೆ ತಲೆ ತಗ್ಗಿಸಿದ. "ಆ ಇಬ್ಬರು ಮಕ್ಕಳು... ನನ್ನಿಂದಲೇ ಹಾಗಾಗಿದ್ರೆ ಮಾಫ್ ಮಾಡಿ ಸಾಬ್. ನನಗೆ ಗೊತ್ತಾಗ್ಲಿಲ್ಲ."

ಮೂರ್ತಿಗಳು "ಅಚ್ಛಾ, ಅಚ್ಛಾ" ಎಂದಷ್ಟೇ ಹೇಳಿ ಲಿಫ್ಟಿಗೆ ಓಡಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಕ್ಷಮೆ ಕೇಳಿಬಿಟ್ಟನಲ್ಲ! ಅವತ್ತು ಅವರಿಗೆ ಊಟ ಸೇರಲಿಲ್ಲ, ಹುಳಿಯಲ್ಲಿ ಉಪ್ಪು ಕಮ್ಮಿ ಎಂದು ನೆಪ ಹೇಳಿದರು.

"ಉಪ್ಪು ಸರಿಯಾಗೇ ಇದೆ. ಎರಡು ಅಂಕಿ ಒತ್ತೋಕೆ ಎಷ್ಟು ಹೊತ್ತು ಬೇಕು ನಿಮಗೆ?" ಎಂದರು ವಾಸಂತಿ.

"ಒತ್ತಿದ್ರೆ ಚುನಾವಣೆ ಹೋಯ್ತು ಅಂತಲೇ ಲೆಕ್ಕ."

"ಒತ್ತದೆ ಗೆದ್ರೆ ಆ ಕುರ್ಚಿ ಮೇಲೆ ಹೇಗ್ರೀ ಕೂರ್ತೀರಿ? ಗೇಟಲ್ಲಿ ದಿನಾ ಹೊಸ ಗಾರ್ಡ್ ಸಲಾಮು ಹೊಡೀತಾನೆ. ತಗೋತೀರಾ?"

ಭಾನುವಾರ ಹನ್ನೊಂದಕ್ಕೆ ಕಮ್ಯುನಿಟಿ ಹಾಲ್ ತುಂಬಿತ್ತು. ಸಭರ್‌ವಾಲ್ ನಕ್ಷೆಯನ್ನು ದೊಡ್ಡ ಪರದೆಯ ಮೇಲೆ ಹಾಕಿಸಿದ್ದರು.

"ದೇಖಿಯೇ! ಕೆಂಪು ಚುಕ್ಕೆ ಸೀದಾ ಗಾರ್ಡ್ ರೂಮಿನ ಮೇಲೆ. ಇದು ನಾನು ಹೇಳ್ತಿರೋದಲ್ಲ, ಎರಡು ದೇಶದ ವಿಜ್ಞಾನ ಹೇಳ್ತಿರೋದು. ಮೂರ್ತಿಜೀ, ನೋಟಿಸ್ ಓದಿ."

ಚಪ್ಪಾಳೆ ಬಿತ್ತು. ಮೂರ್ತಿಗಳು ಎದ್ದರು. ಒಂದು ಕೈಯಲ್ಲಿ ನೋಟಿಸ್, ಇನ್ನೊಂದರಲ್ಲಿ ಫೋನು. ಮುಂದಿನ ಸಾಲಿನಲ್ಲಿ ವಾಸಂತಿ ಅವರನ್ನೇ ನೋಡುತ್ತಿದ್ದರು. ಕನ್ನಡಕ ಸರಿಮಾಡಿಕೊಂಡು ಮೂರ್ತಿಗಳು ಫೋನಿನಲ್ಲಿ ಒಂದು ಒತ್ತಿದರು, ಎರಡು ಒತ್ತಿದರು. ಪರದೆಯ ಮೇಲೆ ಚುಕ್ಕೆಯ ಪಕ್ಕದಲ್ಲಿ '12' ಎಂದು ಮೂಡಿತು.

"ಯೇ ಬಾರಾ ಕ್ಯಾ ಹೈ? ಏನಿದು ಹನ್ನೆರಡು?" ಎಂದಿತು ಒಂದು ಧ್ವನಿ.

"ಗಾರ್ಡ್ ರೂಮಲ್ಲಿ ಹನ್ನೆರಡು ಸೊಳ್ಳೆ ಸಿಕ್ಕಿರಬೇಕು" ಎಂದರು ಸಭರ್‌ವಾಲ್, ಸಲೀಸಾಗಿ.

"ಮಹಡಿ," ಎಂದರು ಮೂರ್ತಿಗಳು. ಇಪ್ಪತ್ತೆರಡು ವರ್ಷ ಕಳೆದರೂ ಪಳಗದ ಅವರ ಹಿಂದಿ ಅವತ್ತು ಇನ್ನಷ್ಟು ತೊದಲಿತು. "ಹನ್ನೆರಡನೇ ಮಹಡಿ. ನನ್ನ ಮನೆ, ನನ್ನ ಎಸಿ ನೀರಿನ ಡ್ರಮ್ಮು. ಮರಿಗಳು ಸಿಕ್ಕಿದ್ದು ಅದರಲ್ಲಿ. ಗಾರ್ಡ್ ರೂಮಲ್ಲಿ ಒಂದೂ ಸಿಗಲಿಲ್ಲ. ಶುಕ್ರವಾರವೇ ನನಗೆ ಗೊತ್ತಿತ್ತು, ಹೇಳಲಿಲ್ಲ. ನಾಚಿಕೆ ಆಗ್ತಿದೆ. ಈ ನೋಟಿಸ್ ನಾನು ಓದೋದಿಲ್ಲ."

ಯಾರೋ ಅನುಮಾನದಿಂದ ಕೇಳಿದರು, "ಎಸಿ ನೀರಾ? ಅದು ಸಾಫ್ ಇರತ್ತಲ್ಲ?"

"ಸಾಫ್ ನೀರೇ ಅದಕ್ಕೆ ಇಷ್ಟ ಅಂತೆ. ನನ್ನ ಸುತ್ತೋಲೆ ನೋಡಿ ಡ್ರಮ್ ಇಟ್ಟವರು ದಯವಿಟ್ಟು ಹೋಗಿ ನೋಡಿ."

"ನಾಲ್ಕು," ಎಂದರು ಹಿಂದಿನ ಸಾಲಿನ ಒಬ್ಬರು, ಸಣ್ಣ ದನಿಯಲ್ಲಿ.

"ನಮ್ಮದು ಏಳು. ಒಂದಲ್ಲ, ಎರಡು ಡ್ರಮ್ಮು."

"ಒಂಬತ್ತು," ಎಂದು ಎದ್ದುನಿಂತವರು ಶ್ರೀಮತಿ ಸಭರ್‌ವಾಲ್. ಗಂಡ ಕಣ್ಣು ಬಿಟ್ಟು ನೋಡಿದರೂ ಆಕೆ ಕೂರಲಿಲ್ಲ. "ಏನು ನೋಡ್ತೀರಿ? ಅದರಲ್ಲಿ ಹುಳ ಇದೆ ಅಂತ ಮೊನ್ನೆ ನಾನೇ ಹೇಳಲಿಲ್ವಾ?"

ಎರಡೇ ನಿಮಿಷದಲ್ಲಿ ಹಾಲ್ ಖಾಲಿಯಾಯಿತು. ಲಿಫ್ಟಿನ ಮುಂದೆ ನೂಕುನುಗ್ಗಲು. ಚುನಾವಣೆ ಮುಂದಿನ ವಾರಕ್ಕೆ ಹೋಯಿತು, ಮೂರ್ತಿಗಳು ಹನ್ನೊಂದು ಮತಗಳಿಂದ ಸೋತರು. ಮೂರು ದಿನ ಬೇಜಾರು ಮಾಡಿಕೊಂಡರು, ಅದನ್ನು ಮುಚ್ಚಿಡುವುದೇಕೆ?

ಆದರೆ ಅದು ಆಮೇಲಿನ ಮಾತು. ಅವತ್ತು ಹಾಲಿನಿಂದ ಅವರು ನೇರ ಹೋದದ್ದು ಗೇಟಿಗೆ. ಫಲಕದ ನೋಟಿಸನ್ನು ಉಗುರಿನಲ್ಲಿ ಕೆರೆದು ಕಿತ್ತರು. ಕಾರ್ಯದರ್ಶಿಗಳು ಅಂಟನ್ನು ಧಾರಾಳವಾಗಿಯೇ ಹಚ್ಚಿದ್ದರಿಂದ ಹತ್ತು ನಿಮಿಷ ಹಿಡಿಯಿತು. ಆಮೇಲೆ ಬೇಸ್‌ಮೆಂಟಿಗೆ ಇಳಿದರು.

ಗಂಟುಗಳು ಬಾಗಿಲ ಹತ್ತಿರ ಸಾಲಾಗಿದ್ದವು. ಎದ್ದುನಿಲ್ಲಲು ಹೊರಟ ರಾಮಾಶ್ರಯನನ್ನು ಅವರು ಭುಜ ಹಿಡಿದು ಕೂರಿಸಿದರು, ತಾವೂ ಆ ಮಂಚದ ಮೇಲೆ ಪಕ್ಕದಲ್ಲೇ ಕೂತರು. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಒಂದೆರಡು ಸಲ ಕೆಮ್ಮಿದರು.

"ನೀವೆಲ್ಲಿಗೂ ಹೋಗಬೇಡಿ. ತಪ್ಪು ನನ್ನದು ರಾಮಾಶ್ರಯ್. ಆ ಸೊಳ್ಳೆ ಹುಟ್ಟಿದ್ದು ನನ್ನ ಮನೇಲಿ. ಮೇಲೆ, ಹನ್ನೆರಡನೇ ಮಹಡಿಯಲ್ಲಿ."

ಫೂಲ್‌ಮತಿ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. ರಾಮಾಶ್ರಯ ಸಾಹೇಬರ ಕಡೆ ತಿರುಗಿದ.

"ಕಚ್ಚುವಾಗ ಅದು ತನ್ನ ವಿಳಾಸ ಹೇಳಲಿಲ್ಲ ಸಾಬ್" ಎಂದ.