ಅತ್ತೆಯ ಅಂಗಳದ ಡಿಗ್ರಿ

ರೇಡಿಯೋದಲ್ಲಿ ಸಂಜೆ ವಾರ್ತೆಯ ಕೊನೆಗೆ ‘ಇಂದು ನಗರದ ಗರಿಷ್ಠ ಉಷ್ಣಾಂಶ’ ಎಂದು ಓದುತ್ತಿದ್ದರಲ್ಲ, ಅದು ನಮ್ಮ ಅಂಗಳದ ಉಷ್ಣಾಂಶ. ಇದು ತಿಳಿದಾಗ ನಾನಿನ್ನೂ ಚಿಕ್ಕವಳು. ಊರೆಂದರೆ ನಮ್ಮ ಅಂಗಳವೇ ಎಂದು ಬಹಳ ದಿನ ನಂಬಿಕೊಂಡಿದ್ದೆ.

ಅಪ್ಪನಿಗೆ ಮೇಲಿಂದ ಮೇಲೆ ವರ್ಗವಾಗುತ್ತಿದ್ದುದರಿಂದ ನನ್ನನ್ನು ಓದಲು ಅತ್ತೆಯ ಬಳಿ ಬಿಟ್ಟಿದ್ದರು. ಅತ್ತೆ ಅಪ್ಪನ ಅಕ್ಕ, ಮದುವೆಯಾಗಿರಲಿಲ್ಲ. ಹವಾಮಾನ ಕಚೇರಿಯ ಹಳೆಯ ಕೇಂದ್ರ ಅವರ ವಶದಲ್ಲಿತ್ತು. ಕೇಂದ್ರವೆಂದರೆ ಎರಡು ಕೋಣೆಯ ಸರ್ಕಾರಿ ಮನೆ, ಮುಂದೆ ಹುಲ್ಲಿನ ಅಂಗಳ, ನಡುವೆ ಉದ್ದ ಕಾಲುಗಳ ಮೇಲೆ ನಿಂತ, ಗೋಡೆಯೆಲ್ಲ ಕಿಂಡಿಯಾದ ಬಿಳಿ ಮರದ ಪೆಟ್ಟಿಗೆ. ಅದರೊಳಗೆ ಥರ್ಮಾಮೀಟರುಗಳು. ಆ ಅಂಗಳದಲ್ಲಿ ಬಟ್ಟೆ ಒಣಹಾಕುವಂತಿಲ್ಲ, ನೀರು ಚೆಲ್ಲುವಂತಿಲ್ಲ, ಚೆಂಡಾಡುವಂತಿಲ್ಲ.

ಅತ್ತೆ ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಓದಲು ಕಲಿಸಿದ್ದರು. “ಉಸಿರು ಬಿಗಿಹಿಡಿ. ಮೊದಲು ಚಿಲ್ಲರೆ ನೋಡು, ಆಮೇಲೆ ನೋಟು.” ಚಿಲ್ಲರೆಯೆಂದರೆ ದಶಾಂಶ, ನೋಟೆಂದರೆ ಪೂರ್ಣ ಡಿಗ್ರಿ. “ನೋಟು ಎಲ್ಲಿಗೂ ಓಡಲ್ಲ ಕಣೇ. ಚಿಲ್ಲರೆ ನಮ್ಮ ಮೈಬಿಸಿಗೇ ಜಾರಿಬಿಡುತ್ತೆ.”

ಬೀದಿಯವರಿಗಂತೂ ಬಿಸಿಲಿಗೆಲ್ಲ ಅತ್ತೆಯೇ ಹೊಣೆ. ಎದುರುಮನೆಯ ದರ್ಜಿ ಕುತ್ತಿಗೆ ಒರೆಸಿಕೊಳ್ಳುತ್ತ ಕೂಗುವರು: “ಏನಕ್ಕಾ, ಇವತ್ತು ಉರಿ ಜಾಸ್ತಿ ಇಟ್ಟಿದ್ದೀರಲ್ಲ?”

“ನಿಮ್ಮ ಇಸ್ತ್ರಿಪೆಟ್ಟಿಗೆ ಆರಿಸಿ, ನಾನೂ ಎರಡು ಡಿಗ್ರಿ ಇಳಿಸ್ತೀನಿ!”

ಡಿಗ್ರಿ ಮುಗಿಸಿ ನಾನೂ ಅದೇ ಇಲಾಖೆಯ ಮುಖ್ಯ ಕಚೇರಿಗೆ ಕಿರಿಯ ಸಹಾಯಕಿಯಾಗಿ ಸೇರಿದ ವರ್ಷವೇ ತಕರಾರು ಎದ್ದಿತು. ವಿಮಾನ ನಿಲ್ದಾಣದಲ್ಲಿ ಹೊಸ ಯಂತ್ರ ಕೂತಿತ್ತು. ಮನುಷ್ಯರು ಬೇಕಿಲ್ಲ, ತಾನೇ ಓದಿ ತಾನೇ ಕಳಿಸುತ್ತದೆ. ಅಲ್ಲಿಯ ಅಂಕಿ ಯಾವಾಗಲೂ ನಮ್ಮದಕ್ಕಿಂತ ತಂಪು. ಒಂದು ಪತ್ರಿಕೆ ಅದನ್ನು ಹಾಕಿದರೆ ಇನ್ನೊಂದು ಇದನ್ನು. ಊರಿಗೆ ಒಂದೇ ಅಂಕಿ ಇರಬೇಕೆಂದು ಸಾಹೇಬರು ಸಭೆ ಕರೆದರು. ವಿಮಾನ ನಿಲ್ದಾಣ ಗೆದ್ದರೆ ನಮ್ಮ ಕೇಂದ್ರ ಮುಚ್ಚುತ್ತದೆ, ಮನೆಯೂ ಬಿಡಬೇಕು. ಅಂಗಳ ಗೆದ್ದರೆ, ನಿವೃತ್ತಿಗೆ ಬಂದಿದ್ದ ಅತ್ತೆಯನ್ನೇ ಮುಂದುವರಿಸುತ್ತಾರೆ.

ನನಗೆ ಬಾಯಿಗಿಂತ ಪೆನ್ನು ವಾಸಿ. ಅಂಗಳ ಯಾಕೆ ಉಳಿಯಬೇಕೆಂದು ಎರಡು ಪುಟ ಬರೆದೆ. ಸಭೆಯ ಹಿಂದಿನ ಸಂಜೆ ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದ ಅತ್ತೆಯ ಮುಂದೆ ನಿಂತೆ.

“ನಾಳೆ ನಾನು ಮಾತಾಡ್ತೀನಿ ಅತ್ತೆ.”

“ನೀನಾ? ಬಸ್ಸಲ್ಲಿ ‘ಇಳೀಬೇಕು’ ಅನ್ನೋಕೆ ನಾಚಿಕೊಂಡು ಮುಂದಿನ ಸ್ಟಾಪಲ್ಲಿ ಇಳಿಯೋಳು!”

ಆದರೂ ಓದಿದೆ. ಅತ್ತೆ ಕೈ ನಿಲ್ಲಿಸಿ ಕೇಳಿದರು.

“ಚೆನ್ನಾಗಿ ಬರೆದಿದ್ದೀಯ. ಅಳು ಬರೋ ಹಾಗಿದೆ.” ಒಂದು ಕಾಯಿಯ ನಾರು ಎಳೆದರು. “ಆದ್ರೆ ಏರ್‌ಪೋರ್ಟೇ ಗೆಲ್ಲಲಿ ಬಿಡೇ.”

“ಯಾಕತ್ತೆ?”

“ನಿನ್ನ ಚಿಕ್ಕತ್ತೆ ಮನೇಲಿ ನಾನು ಒಂದು ರಾತ್ರಿ ಉಳಿದಿದ್ದು ನೋಡಿದ್ದೀಯಾ? ಅವಳ ಮಗ ಹುಟ್ಟಿದಾಗ ಬಸ್ಸಿಳಿದೆ, ಮಗು ಮುಖ ನೋಡಿದೆ, ಅದೇ ಬಸ್ಸಿಗೆ ವಾಪಸ್ಸು. ಬದಲಿಗೆ ಜನ ಇಲ್ಲ ಅಂತಿದ್ರು ಆಫೀಸಲ್ಲಿ. ನನಗೂ ಜಂಬ, ನಾನು ನೋಡದಿದ್ರೆ ಊರಿಗೆ ಬಿಸಿಲೇ ಇಲ್ಲ ಅಂತ. ಈಗ ಸಾಕಾಗಿದೆ ಕಣೇ. ಬೆಳಗಾಗಿದ್ದೇ ಗೊತ್ತಾಗದ ಹಾಗೆ ಒಂದು ದಿನ ಮಲಗಬೇಕು.”

“ಹಾಗಾದ್ರೆ ನೀವೇ ಸಾಹೇಬರಿಗೆ ಹೇಳಿ.”

“ಅವರು ‘ನೀವೇ ಹೀಗಂದ್ರೆ ಹೇಗಕ್ಕಾ’ ಅಂತಾರೆ, ನಾನು ಹೂಂ ಅಂದುಬಿಡ್ತೀನಿ. ನನ್ನ ಬುದ್ಧಿ ನನಗೆ ಗೊತ್ತಿಲ್ವಾ?”

ಕೈಯಲ್ಲಿದ್ದ ಹಾಳೆಗಳನ್ನು ಮತ್ತೆ ನೋಡಿದೆ. ನನ್ನ ಎರಡು ಪುಟದಲ್ಲಿ ಹುಲ್ಲಿನ ವಾಸನೆಯಿತ್ತು, ಕಿಂಡಿಯಿಂದ ತೂರಿಬರುವ ಬೆಳಕಿತ್ತು. ಬೆಳಗಿನ ಜಾವ ಟಾರ್ಚ್ ಹಿಡಿದು ಮಂಜಿನಲ್ಲಿ ನಡುಗುತ್ತ ಹೋಗುವವರು ಒಂದು ಸಾಲಿನಲ್ಲೂ ಇರಲಿಲ್ಲ.

ಸಭೆಯಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತಿದ್ದರು. ವಿಮಾನ ನಿಲ್ದಾಣದ ಅಧಿಕಾರಿ ಶುರುಮಾಡಿದರು: “ಅಕ್ಕನ ಅಂಗಳದ ಸುತ್ತ ಈಗ ಬರೀ ಕಟ್ಟಡ. ಅದು ಊರಿನ ಬಿಸಿ ಅಲ್ಲ ಸಾರ್, ಗೋಡೆ ಬಿಸಿ.”

ಹಿರಿಯ ಗುಮಾಸ್ತರು ಬಿಡಲಿಲ್ಲ. “ಜನ ಇರೋದು ಗೋಡೆ ಮಧ್ಯೆನೇ ಸ್ವಾಮಿ. ನಿಮ್ಮ ರನ್‌ವೇ ಮೇಲೆ ಯಾರು ಸಂಸಾರ ಹೂಡಿದ್ದಾರೆ?”

ಎಲ್ಲರೂ ನಕ್ಕರು. ಸಾಹೇಬರೂ ನಕ್ಕು ಹೇಳಿದರು: “ನನಗೂ ಹಳೇ ಜಾಗವೇ ಸರಿ ಅನಿಸುತ್ತೆ. ಅಷ್ಟು ವರ್ಷದ ಲೆಕ್ಕ ಒಂದೇ ಕಡೆಯದು. ಅಕ್ಕ ಹೇಗೂ ಇದ್ದಾರೆ.” ಆಮೇಲೆ ನನ್ನ ಕಡೆ ತಿರುಗಿ, “ನೀನು ಅಲ್ಲೇ ಬೆಳೆದವಳು. ಏನಂತೀಯಮ್ಮ?”

ಬರೆದದ್ದು ಕೈಯಲ್ಲಿತ್ತು. ಅದನ್ನು ಓದಿದ್ದರೆ ಸಾಕಿತ್ತು. ಮನೆ ಉಳಿಯುತ್ತಿತ್ತು, ಅಂಗಳ ಉಳಿಯುತ್ತಿತ್ತು. ಕಾಗದ ಮಡಿಚಿದೆ.

“ಏರ್‌ಪೋರ್ಟೇ ಇರಲಿ ಸಾರ್.” ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು. “ಜೋರಾಗಿ ಹೇಳಮ್ಮ” ಎಂದರು ಗುಮಾಸ್ತರು. “ಏರ್‌ಪೋರ್ಟೇ ಇರಲಿ. ಅತ್ತೆ ಇನ್ನು ಓದಲ್ಲ. ಅವರನ್ನ ಕೇಳಬೇಡಿ, ಕೇಳಿದ್ರೆ ಹೂಂ ಅಂತಾರೆ. ಅವರು ತಂಗಿ ಮನೆಗೆ ಹೋಗಬೇಕು.”

ಸಾಹೇಬರು ಅತ್ತೆಯನ್ನು ನೋಡಿದರು. ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು. ಹೂಂ ಅನ್ನಲಿಲ್ಲ.

ಮುಂದಿನ ತಿಂಗಳ ಮೊದಲ ಬೆಳಗ್ಗೆ ಪೆಟ್ಟಿಗೆ ಕೀಳಲು ಆಳುಗಳು ಬಂದರು. ಸದ್ದು ಮಾಡಬೇಡಿರೆಂದು ಬೇಡಿಕೊಂಡೆ. ಕಾಲುಗಳು ನೆಲದಿಂದ ಸುಲಭವಾಗಿ ಏಳಲಿಲ್ಲ. ಎದ್ದಾಗ ಬುಡದಲ್ಲಿ ಬಿಸಿಲು ಕಾಣದ ಹುಲ್ಲು ಬಿಳಿಚಿಕೊಂಡಿತ್ತು. ನಾನು ಅತ್ತಿತ್ತ ನೋಡಿ, ಯಾರೂ ನೋಡದಂತೆ ಅದನ್ನು ಸವರಿದೆ. ದರ್ಜಿ ಹೊಸ್ತಿಲಲ್ಲಿ ನಿಂತು ಏನೋ ಕೇಳಲು ಬಾಯಿ ತೆರೆದರು. ನಾನು ತುಟಿಯ ಮೇಲೆ ಬೆರಳಿಟ್ಟೆ.

ಗಾಡಿ ಹೋದಮೇಲೆ ಯಾರೂ ಬಾಗಿಲು ಬಡಿಯದಿರಲೆಂದು ಮೆಟ್ಟಿಲ ಮೇಲೆ ಕೂತೆ. ಬಿಸಿಲು ಏರುತ್ತಿತ್ತು. ಒಳಗಿನಿಂದ ಸಣ್ಣಗೆ, ಒಂದೇ ಲಯದಲ್ಲಿ ಸದ್ದು ಬರುತ್ತಿತ್ತು. ದಿನವೂ ಅವರು ಮಲಗುತ್ತಿದ್ದುದು ನಾನು ನಿದ್ದೆಹೋದ ಮೇಲೆ, ಏಳುತ್ತಿದ್ದುದು ನಾನು ಏಳುವ ಮೊದಲು. ಅತ್ತೆ ಗೊರಕೆ ಹೊಡೆಯುತ್ತಾರೆಂದು ಅಷ್ಟು ವರ್ಷ ಜೊತೆಗಿದ್ದೂ ನನಗೆ ಗೊತ್ತೇ ಇರಲಿಲ್ಲ.