ಎಣಿಕೆಯ ಬುಧವಾರ

ಅಕ್ಟೋಬರಿನ ಮೊದಲ ಬುಧವಾರ ಮಿಷಿಗನ್ನಿನ ಶಾಲೆಗಳಲ್ಲೆಲ್ಲ ತಲೆ ಎಣಿಕೆ. ಅಂದು ತರಗತಿಯಲ್ಲಿ ಕೂತವರೇ ಮಕ್ಕಳು, ಅನುದಾನವೂ ಅಷ್ಟಕ್ಕೇ. ನಮ್ಮದು ಐದನೇ ತರಗತಿವರೆಗಿನ ಪುಟ್ಟ ಚಾರ್ಟರ್ ಶಾಲೆ, ಅಂದರೆ ಸರ್ಕಾರದ ಹಣದಲ್ಲಿ ಪರವಾನಗಿ ಮೇಲೆ ನಡೆಯುವಂಥದ್ದು. ಅರವತ್ತು ಮಕ್ಕಳಿಲ್ಲದಿದ್ದರೆ ಬೇಸಿಗೆಗೆ ಬಾಗಿಲು ಮುಚ್ಚಿ ಎಂದು ಪರವಾನಗಿ ಕೊಟ್ಟವರು ಖಡಾಖಂಡಿತವಾಗಿ ಹೇಳಿದ್ದರು. ನಮ್ಮಲ್ಲಿ ಇದ್ದದ್ದು ಅರವತ್ತೊಂದು. ಯಾರೂ ತಪ್ಪಿಸಿಕೊಳ್ಳದಿರಲೆಂದು ತಾಯಂದಿರೆಲ್ಲ ಮುಂಜಾನೆಯೇ ಸೇರಿ ಪ್ಯಾನ್‌ಕೇಕ್ ಹುಯ್ಯುತ್ತಿದ್ದೆವು.

ಮುಖ್ಯೋಪಾಧ್ಯಾಯಿನಿ ಮಾರ್ಲಾ ಅಡುಗೆಮನೆಗೆ ಓಡಿಬಂದಳು.

"ಕೆಟ್ವಿ ಕಣೇ ಜೊಲೀನ್! ವೆಲ್ಟ್‌ಕ್ಯಾಂಪ್ ತನ್ನ ಮೂರೂ ಮಕ್ಕಳನ್ನ ಪೇಟೆ ಶಾಲೆಗೆ ಸೇರಿಸಿಬಿಟ್ಟಿದ್ದಾನೆ. ಅಲ್ಲಿ ಈಜುಕೊಳ ಇದೆಯಂತೆ."

"ಅವನ ಈಜುಕೊಳಕ್ಕೆ ಬೆಂಕಿ ಬೀಳ!" ಎಂದೆ. ಉಳಿದದ್ದು ಐವತ್ತೆಂಟು, ಇನ್ನೂ ಇಬ್ಬರು ಬೇಕು. ಊರಿನ ಮಕ್ಕಳೆಲ್ಲ ಆಗಲೇ ಎಲ್ಲಾದರೊಂದು ಕಡೆ ಸೇರಿದ್ದಾರೆ.

ಕಿಟಕಿಯಾಚೆ ಸೇಬಿನ ತೋಟ. ಕೀಳಲು ಟೆಕ್ಸಾಸಿನಿಂದ ಬಂದ ಮೆಕ್ಸಿಕನ್ ಸಂಸಾರಗಳ ಮಕ್ಕಳು ಬೇಲಿಗೆ ಆತು ವಾಸನೆ ಹೀರುತ್ತಿದ್ದರು. ಪ್ಯಾನ್‌ಕೇಕಿಗೆ ಮನೆಮನೆಗೂ ಕರೆ ಹೋಗಿತ್ತು, ಅವರ ಬಿಡಾರಕ್ಕೆ ಮಾತ್ರ ಇಲ್ಲ. ಸೇಬು ಮುಗಿದರೆ ಹೊರಡುವವರು ಎಂದು ಊರೇ ಅವರನ್ನು ಲೆಕ್ಕದಿಂದ ಬಿಟ್ಟಿತ್ತು.

ಹಿಟ್ಟಿನ ಕೈಯಲ್ಲೇ ಓಡಿದೆ. ಆ ತಾಯಂದಿರಲ್ಲಿ ಗ್ರಿಸೆಲ್ಡಾ ಎಂಬಾಕೆ ಸೇಬು ಕೀಳುತ್ತ ಏಣಿಯ ಮೇಲಿದ್ದಳು.

"ಮಕ್ಕಳನ್ನ ಶಾಲೆಗೆ ಕಳಿಸಮ್ಮ, ಈಗಲೇ!"

"ಆಗಸ್ಟಿಂದ ಇಲ್ಲೇ ಇದೀವಿ ಸೆನ್ಯೋರಾ. ಇವತ್ತು ಕಣ್ಣಿಗೆ ಬಿದ್ವಾ?"

"ತಲೆ ಕಮ್ಮಿ ಬಿತ್ತು, ಬಂದೆ. ಸುಳ್ಳು ಹೇಳೋಕೆ ಬರಲ್ಲ ನಂಗೆ."

"ಎಣಿಸಿ ಆದ್ಮೇಲೆ ಆಚೆ ತಳ್ತೀರಾ?"

"ತಳ್ಳಿ ನೋಡ್ಲಿ! ತಳ್ಳಿದ್ರೆ ನನ್ನ ಮಗಳನ್ನೂ ಆ ಶಾಲೆಯಿಂದ ಬಿಡಿಸ್ಕೊಂಡು ಬರ್ತೀನಿ."

ಅವಳು ಕೊಂಬೆ ಹಿಡಿದು ನನ್ನನ್ನೇ ನೋಡಿದಳು. "ನಾವು ಹೊರಡೋವರೆಗೂ ದಿನಾ ಓದಿಸ್ಬೇಕು. ಮುಂದಿನ ಸಲ ಬಂದಾಗ ಮೊದಲ್ನೇ ದಿನಾನೇ ನೀವು ಬಂದು ಕರೀಬೇಕು. ಎಣಿಕೆ ದಿನ ಅಲ್ಲ."

"ಆಯ್ತು ಮಾರಾಯ್ತಿ, ಇಳಿ!"

ಇಳಿದವಳೇ ಸ್ಪ್ಯಾನಿಷಿನಲ್ಲಿ ಕೂಗು ಹಾಕಿದಳು. ಬಿಡಾರದ ಬಾಗಿಲುಗಳು ಒಂದೊಂದಾಗಿ ತೆರೆದವು. ಅವಳ ಮೂವರು ಮಕ್ಕಳ ಹಿಂದೆ ಅಕ್ಕಪಕ್ಕದ ಮಕ್ಕಳೂ ಹೊರಟರು. ತಾಯಂದಿರು ಓಡುತ್ತಲೇ ಜಡೆ ಹೆಣೆದರು. ಹಾಜರಿ ಗಂಟೆ ಹೊಡೆಯುವುದರೊಳಗೆ ಮಾರ್ಲಾ ಎಲ್ಲರನ್ನೂ ದಾಖಲು ಮಾಡಿಕೊಂಡಳು.

ಆಮೇಲೆ ಎಣಿಸಿದಳು. ಐವತ್ತೆಂಟು, ಐವತ್ತೊಂಬತ್ತು, ಅರವತ್ತು! ಅಲ್ಲಿಗೂ ನಿಲ್ಲಲಿಲ್ಲ, ಅರವತ್ತಾರಕ್ಕೆ ಹೋಯಿತು. ಮಕ್ಕಳ ಕೂಗಿಗೆ ಸೂರು ಹಾರುವಂತಿತ್ತು.

ಗ್ರಿಸೆಲ್ಡಾಳ ಕಿರಿಮಗಳು ಹಿಮೇನಾ ಮಾತ್ರ ನಿಂತೇ ಇದ್ದಳು. "ನಂಗೆ ಕುರ್ಚಿ ಇಲ್ಲ," ಎಂದಳು.

"ಇರು, ತರ್ತೀನಿ," ಎಂದು ಉಗ್ರಾಣಕ್ಕೆ ಓಡಿದೆ. ಒಂದಲ್ಲ, ಇದ್ದಷ್ಟನ್ನೂ ಹೊತ್ತು ತಂದೆ.