ಮೂರನೆಯ ಚೌಕ

ಇದನ್ನು ಹೇಳುವ ಹಕ್ಕು ನನಗಿದೆಯೋ ಇಲ್ಲವೋ ಎಂದು ಎರಡು ವರ್ಷ ಹಿಂದೆಮುಂದೆ ನೋಡಿದ್ದೇನೆ. ತಪ್ಪು ಮಾಡಿದವಳೇ ಕಥೆ ಹೇಳಲು ಕೂತರೆ ತನ್ನ ಪರವಾಗಿ ನಾಲ್ಕು ಮಾತು ಸೇರಿಸದೆ ಇರುವುದಿಲ್ಲ. ಹಾಗೇನಾದರೂ ಕಂಡರೆ ಕ್ಷಮಿಸಿ.

ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವುದು ನನ್ನ ಕೆಲಸ. ಮನೆಯಲ್ಲಿ ನಾನು, ಅಮ್ಮ, ಇಬ್ಬರೇ. ಎಪ್ಪತ್ತೊಂಬತ್ತು ತುಂಬಿದ ವರ್ಷ ಅಮ್ಮ ಬಚ್ಚಲಲ್ಲಿ ಜಾರಿ, ನಾನು ಕೆಲಸದಿಂದ ಬರುವ ತನಕ ಒದ್ದೆ ನೆಲದ ಮೇಲೆ ಮೂರು ಗಂಟೆ ಬಿದ್ದಿದ್ದಳು. ಮೂಳೆ ಮುರಿದಿರಲಿಲ್ಲ. ಆದರೆ ಅವಳನ್ನು ಒಬ್ಬಳನ್ನೇ ಬಿಟ್ಟು ಕೆಲಸಕ್ಕೆ ಹೋಗಲು ನನಗೆ ಧೈರ್ಯ ಬರಲಿಲ್ಲ. ಹಗಲು ನೋಡಿಕೊಳ್ಳಲು ಒಬ್ಬರು ಬೇಕೆಂದು, ಮನೆಗೆ ಆಯಾಗಳನ್ನು ಕಳಿಸುವ ಏಜೆನ್ಸಿಗೆ ಹೋದೆ.

ಅಲ್ಲಿಯ ಗುಮಾಸ್ತ ನಾಲ್ಕು ಪುಟದ ಫಾರಂ ಕೊಟ್ಟ. “ಇದ್ದದ್ದು ಇದ್ದ ಹಾಗೆ ತುಂಬಿಸಿ, ಅಕ್ಕಾ. ನಮ್ಮೋರು ಇದನ್ನ ಬಿಟ್ಟು ಒಂಚೂರು ಆಕಡೆ ಈಕಡೆ ಹೋಗಲ್ಲ.”

ನಡಿಗೆಯ ಸಾಲಿನಲ್ಲಿ ಮೂರು ಚೌಕಗಳಿದ್ದವು: ತಾವೇ ನಡೆಯುತ್ತಾರೆ, ಹಿಡಿದುಕೊಂಡರೆ ನಡೆಯುತ್ತಾರೆ, ನಡೆಸಬಾರದು. ಎರಡನೆಯದೇ ನಿಜ. ಗೋಡೆ ಹಿಡಿದು ಅಮ್ಮ ದಿನಕ್ಕೆ ಹತ್ತು ಸಲ ಅಡುಗೆಮನೆಗೆ ಹೋಗುತ್ತಿದ್ದಳು, ನಾನು ಡಬ್ಬಿಗಳ ಮುಚ್ಚಳ ಸರಿಯಾಗಿ ಹಾಕಿದ್ದೇನೋ ಇಲ್ಲವೋ ನೋಡಲು. ಆದರೆ ನನ್ನದು ಬಟ್ಟೆಯಲ್ಲೂ ಅರ್ಧ ಇಂಚು ಹೆಚ್ಚೇ ಬಿಟ್ಟು ಕತ್ತರಿಸುವ ಕೈ. ಹೆಚ್ಚಾದರೆ ಒಳಗೆ ಮಡಚಬಹುದು, ಕಡಿಮೆಯಾದರೆ ಏನೂ ಮಾಡಲಾಗದು. ಮೂರನೆಯ ಚೌಕಕ್ಕೆ ಗುರುತು ಹಾಕಿ ಸಹಿ ಮಾಡಿದೆ.

ಬಂದವಳು ಐವತ್ತರ ಹೆಂಗಸು, ಮಾತು ಕಡಿಮೆ. ಫಾರಂನ ಪ್ರತಿಯನ್ನು ಚೀಲದಲ್ಲಿಟ್ಟುಕೊಂಡೇ ಬಂದಳು. ಸ್ನಾನ, ಮಾತ್ರೆ, ಊಟ, ಎಲ್ಲ ಗಡಿಯಾರ ನೋಡಿಯೇ. ಎರಡೇ ದಿನದಲ್ಲಿ ಅಮ್ಮ ಅವಳಿಗೆ ‘ಇನ್‌ಸ್ಪೆಕ್ಟರಮ್ಮ’ ಎಂದು ಹೆಸರಿಟ್ಟಳು.

“ಅಡುಗೆಮನೆ ತನಕ ಹೋಗ್ಬರ್ತೀನಿ, ಬಿಡೇ.”

“ಏನು ಬೇಕು ಹೇಳಿ ಅಜ್ಜಿ, ನಾನೇ ತರ್ತೀನಿ.”

“ಅಡುಗೆಮನೇನೇ ಬೇಕು. ತರ್ತೀಯಾ?”

ಇದನ್ನು ಅಮ್ಮ ಸಂಜೆ ನನಗೆ ನಗುತ್ತ ಹೇಳಿದಳು. ನಾನೂ ನಕ್ಕೆ. ಕೆಲವು ವಾರ ಕಳೆದ ಮೇಲೆ ನಗದೆ ಹೇಳಿದಳು: “ಕಾಲು ಜೋಮು ಹಿಡೀತಿದೆ ಕಣೇ. ಆ ಮಹಾತಾಯಿಗೆ ನೀನಾದ್ರೂ ಹೇಳು.”

“ರಾಣಿ ಹಾಗೆ ಕೂತಿರಮ್ಮ. ಬಿದ್ರೆ ಏನು ಗತಿ?” ಎಂದು ಬಾಯಿ ಮುಚ್ಚಿಸಿದೆ. ಸಂಜೆ ಹೊತ್ತು ನಾನೂ ಅವಳು ಕೂತಲ್ಲಿಗೇ ಎಲ್ಲ ತಂದುಕೊಡುತ್ತಿದ್ದೆ. ಫಾರಂನ ವಿಷಯ ಎತ್ತಲಿಲ್ಲ. ಬೈಗುಳವೆಲ್ಲ ಇನ್‌ಸ್ಪೆಕ್ಟರಮ್ಮನ ಪಾಲಿಗೆ ಹೋಗುತ್ತಿತ್ತು. ಹೋಗಲಿ ಎಂದು ಸುಮ್ಮನಿದ್ದೆ.

ಮೂರು ತಿಂಗಳಾಗಿತ್ತು. ನಾನು ರಜೆ ಹಾಕಿ ಮನೆಯಲ್ಲಿದ್ದ ಒಂದು ಬೆಳಿಗ್ಗೆ ಅಮ್ಮ ತಾನಾಗಿ ಏಳಲು ಹೋದಳು. ಮೊಣಕಾಲುಗಳು ಅವಳವಲ್ಲವೇನೋ ಎಂಬಂತೆ ಮಡಚಿಕೊಂಡವು. ಮಂಚದ ಮೇಲೇ ಕುಕ್ಕರಿಸಿದಳು. ಗಾಬರಿಯಾಗಿ ಡಾಕ್ಟರನ್ನು ಕರೆಸಿದೆ. ಅವರು ತೊಡೆ ಒತ್ತಿ ನೋಡಿದರು.

“ಸ್ನಾಯು ಕರಗಿಹೋಗಿದೆ. ಇವರನ್ನ ನಡೆಸ್ತಾನೇ ಇರ್ಲಿಲ್ವಾ?”

“ಎಲ್ಲಿ ನಡೆಸ್ತಾಳೆ? ಮೂಟೆ ಇಟ್ಟ ಹಾಗೆ ಇಟ್ಟಿದ್ಲು ಇವಳು,” ಎಂದಳು ಅಮ್ಮ.

ಇನ್‌ಸ್ಪೆಕ್ಟರಮ್ಮ ಚೀಲದಿಂದ ಫಾರಂ ತೆಗೆದು ಮಂಚದ ಮೇಲಿಟ್ಟಳು. ಅಮ್ಮ ಕನ್ನಡಕ ಕೇಳಿದಳು. ಕೊಡದಿರಲು ನನಗೆ ನೆಪ ಹೊಳೆಯಲಿಲ್ಲ. ಬೆರಳಿಟ್ಟು ಒಂದೊಂದೇ ಸಾಲು ಓದಿದಳು, ನನ್ನ ಸಹಿ ಸಿಗುವ ತನಕ.

“ಅಕ್ಷರ ದುಂಡಗಿದೆ. ನೀನು ಸಂಜೆ ಶಾಲೆಗೆ ಹೋಗಿದ್ದು ದಂಡ ಆಗ್ಲಿಲ್ಲ.”

ಆಮೇಲೆ ಇನ್‌ಸ್ಪೆಕ್ಟರಮ್ಮನ ಕಡೆ ತಿರುಗಿ, “ಸುಮ್ಸುಮ್ನೆ ನಿನ್ನ ಬೈದ್ಬಿಟ್ಟೆ ಕಣಮ್ಮಾ,” ಎಂದಳು.

“ಇರ್ಲಿ ಬಿಡಿ, ಅಜ್ಜಿ.”

ಮರುದಿನವೇ ಫಾರಂ ತಿದ್ದಿಸಿದೆ. ಇನ್‌ಸ್ಪೆಕ್ಟರಮ್ಮ ದಿನಕ್ಕೆರಡು ಹೊತ್ತು ಸೊಂಟಕ್ಕೆ ಕೈಕೊಟ್ಟು ಎಬ್ಬಿಸುತ್ತಿದ್ದಳು. ಅಮ್ಮ ಹಲ್ಲು ಕಚ್ಚಿ ನಿಲ್ಲುತ್ತಿದ್ದಳು. ಇಪ್ಪತ್ತು ಎಣಿಸುವ ತನಕ, ಒಮ್ಮೆ ಮೂವತ್ತು. ಹೆಜ್ಜೆ ಮಾತ್ರ ಬರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಅಮ್ಮನೇ ಸಾಕೆಂದಳು. ಮುಂದಿನ ವರ್ಷ ಅದೇ ಮಂಚದ ಮೇಲೆ ತೀರಿಕೊಂಡಳು.

ಆ ವಯಸ್ಸಿಗೆ ಕಾಲು ಹೇಗಿದ್ದರೂ ಹೋಗುತ್ತಿತ್ತು ಎಂದು ಡಾಕ್ಟರು ಹೇಳಿದರು. ಇರಬಹುದು. ಎರಡನೆಯ ಚೌಕಕ್ಕೆ ಗುರುತು ಹಾಕಿದ್ದರೆ ಅಮ್ಮ ಇನ್ನೂ ಒಂದಷ್ಟು ಕಾಲ ನಡೆದಾಡಿಕೊಂಡಿರುತ್ತಿದ್ದಳೋ, ಮೊದಲ ವಾರವೇ ಬಿದ್ದು ಸೊಂಟ ಮುರಿದುಕೊಳ್ಳುತ್ತಿದ್ದಳೋ, ನನಗೆ ಗೊತ್ತಿಲ್ಲ. ನನ್ನನ್ನು ಅವಳು ಒಂದು ದಿನವೂ ಬೈಯಲಿಲ್ಲ. ಅದು ಕ್ಷಮೆಯೋ, ಇವಳಿಗೆ ಹೇಳಿ ಏನು ಪ್ರಯೋಜನ ಎಂಬ ಬೇಸರವೋ, ಅದೂ ಗೊತ್ತಿಲ್ಲ. ಕೇಳಬಹುದಿತ್ತು. ಒಂದು ವರ್ಷಕ್ಕೂ ಮೇಲೆ ಪಕ್ಕದಲ್ಲೇ ಇದ್ದೆ. ಕೇಳಲಿಲ್ಲ.